ಒಳಬದಿಯ ಚಿಲಕ: ನಮಗೆ ನಾವೇ ಹಾಕಿಕೊಂಡ ಮಿತಿಯನ್ನೂ ಕಾಲವನ್ನೂ ಕಲಾಕೃತಿಯಲ್ಲಿ ಕಾಣಿಸುವುದು ಹೇಗೆ?

ಪ್ರಶ್ನೆ
ಬರೆದವರು: ಚಿತ್ರಕಲಾ ಟೀಚರ್, ಉಡುಪಿ

ಎಲ್ಲರಿಗೂ ನಮಸ್ಕಾರ.

ಉಡುಪಿಯ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತಿರುವ ನಾನು ಬಿಡುವಿನ ವೇಳೆಯಲ್ಲಿ ನನ್ನದೇ ಒಂದಿಷ್ಟು ಕೆಲಸ ಮಾಡುತ್ತೇನೆ. ಈಚೆಗೆ ಮಂಗಳೂರಿನ ಸಮೂಹ ಪ್ರದರ್ಶನವೊಂದರಲ್ಲಿ ಇಟ್ಟ ಕೃತಿಯೊಂದನ್ನು ಮುಂದೆ ಹೇಗೆ ಬೆಳೆಸಬೇಕು ಎಂಬ ಬಗ್ಗೆ ಇಲ್ಲಿನ ಹಿರಿಯರಿಂದಲೂ ಸಹ ಕಲಾವಿದರಿಂದಲೂ ಅಭಿಪ್ರಾಯ ಬಯಸುತ್ತೇನೆ.

ಕೃತಿಯ ಸ್ವರೂಪ ಹೀಗಿತ್ತು. ಕೆಡವಿದ ಹಳೆಯ ಮನೆಯ ಹಲಸಿನ ಮರದ ಬಾಗಿಲನ್ನು ದಾರಂದದ (ಬಾಗಿಲ ಚೌಕಟ್ಟಿನ) ಸಮೇತ ತಂದು, ಗೋಡೆಯ ಆಸರೆಯಿಲ್ಲದೆ ಕೋಣೆಯ ನಡುವೆ ನಿಲ್ಲಿಸಿದ್ದೆ. ಬಾಗಿಲ ಒಂದು ಬದಿಯಲ್ಲಿ, ಅದಕ್ಕೆ ಮುಖ ಮಾಡಿ, ಮೊಣಕಾಲು ತಬ್ಬಿಕೊಂಡು ಕುಳಿತ ಆವೆಮಣ್ಣಿನ ಸ್ತ್ರೀ ಆಕೃತಿಯಿತ್ತು. ಚಿಲಕ ಇರುವುದು ಆಕೆ ಕುಳಿತ ಬದಿಯಲ್ಲೇ. ಹಾಕಿದವಳೂ ಆಕೆಯೇ, ತೆಗೆಯಬಲ್ಲವಳೂ ಆಕೆಯೇ. ಬಾಗಿಲ ಮೇಲೆ ಮುಳ್ಳುಗಳಿಲ್ಲದ ಗೋಡೆ ಗಡಿಯಾರ, ನೆಲದ ಮೇಲೆ ಉದುರಿದ ಹಲಸಿನ ಎಲೆ. ಪ್ರೇಕ್ಷಕರು ಕೋಣೆಯೊಳಗೆ ಬರುವಾಗ ಮೊದಲು ಬಾಗಿಲ ಹೊರಬದಿಯನ್ನು ನೋಡಿ, ಆಮೇಲೆ ಸುತ್ತಿ ಬಂದು ಆಕೃತಿಯನ್ನು ಕಾಣುವಂತೆ ಏರ್ಪಾಡು ಮಾಡಿದ್ದೆ.

ನೋಡಿದವರಲ್ಲಿ ಹೆಚ್ಚಿನವರು ಇದನ್ನು ಹೆಣ್ಣಿನ ಬಂಧನ ಎಂದೋ ಸಮಾಜದ ಸೆರೆ ಎಂದೋ ಓದಿಕೊಂಡರು. ಆ ಓದಿಗೆ ನನ್ನ ಆಕ್ಷೇಪವಿಲ್ಲ, ಆದರೆ ಚಿಲಕ ಯಾವ ಬದಿಗಿದೆ ಎಂಬುದನ್ನು ಗಮನಿಸಿದವರು ತೀರ ಕಡಿಮೆ.

ನಾನು ಹೇಳಹೊರಟದ್ದನ್ನು ತರಗತಿಯ ಒಂದು ಸಂಗತಿಯಿಂದ ವಿವರಿಸುತ್ತೇನೆ. ಎಂಟನೆಯ ತರಗತಿಯ ಮಕ್ಕಳಲ್ಲಿ ಕೆಲವರು ಪೆನ್ಸಿಲ್ ಹಿಡಿಯುವ ಮೊದಲೇ 'ನನಗೆ ಚಿತ್ರ ಬರುವುದಿಲ್ಲ ಟೀಚರ್' ಎನ್ನುತ್ತಾರೆ. ಯಾರೋ ಎಂದೋ ಆಡಿದ ಮಾತನ್ನು ಅವರು ತಮ್ಮದಾಗಿಸಿಕೊಂಡಿರುತ್ತಾರೆ, ಅಥವಾ ಯಾರೂ ಆಡದೆ ತಾವೇ ನಿರ್ಧರಿಸಿಕೊಂಡಿರುತ್ತಾರೆ. ಅದೇ ಮಾತನ್ನು ಆ ಮಕ್ಕಳ ತಾಯಂದಿರ ಬಾಯಲ್ಲಿ ಕೇಳಿದಾಗ ಅದರ ತೂಕವೇ ಬೇರೆ, ಏಕೆಂದರೆ ಮೂವತ್ತು ವರ್ಷ ಪೆನ್ಸಿಲ್ ಮುಟ್ಟದ ಕೈಗೆ ಈಗ ನಿಜವಾಗಿಯೂ ಚಿತ್ರ ಬರುವುದಿಲ್ಲ. ಹದಿಮೂರರಲ್ಲಿ ಬರಿಯ ಮಾತಾಗಿದ್ದದ್ದು ನಲವತ್ತೈದರಲ್ಲಿ ವಾಸ್ತವವೇ ಆಗಿಬಿಟ್ಟಿರುತ್ತದೆ. ಈ ಪರಿವರ್ತನೆಯೇ ನನ್ನ ವಸ್ತು.

ಮಿತಿಯನ್ನು ಹಾಕಿದ ಕೈ ಅದರೊಳಗೆ ಕುಳಿತವರದ್ದೇ ಎಂಬುದು ನೋಡುವವರಿಗೆ ವಿವರಣೆಯ ಫಲಕವಿಲ್ಲದೆ ತಿಳಿಯಬೇಕು. ಆ ಮಿತಿಯನ್ನು ಕಾಲ ಹೇಗೆ ಗಟ್ಟಿ ಮಾಡುತ್ತದೆ ಎಂಬುದೂ ಕಾಣಬೇಕು. ಇದಕ್ಕೆ ದಾರಿ ಯಾವುದು?

---

ಉತ್ತರ
ಬರೆದವರು: ರೇಖಾಭ್ಯಾಸಿ, ಮಂಗಳೂರು

ಟೀಚರ್ ಅವರಿಗೆ ನಮಸ್ಕಾರ. ನಿಮ್ಮ ಕೃತಿಯನ್ನು ನಾನು ಪ್ರದರ್ಶನದಲ್ಲಿ ನೋಡಿದ್ದೇನೆ. ಬಾಗಿಲ ಗಾತ್ರ, ಅದರ ಮೇಲಿನ ಹಳೆಯ ಎಣ್ಣೆಯ ಕಲೆಗಳು ನನ್ನನ್ನು ಹಿಡಿದು ನಿಲ್ಲಿಸಿದವು. ಕಣ್ಣು ಮೇಲಕ್ಕೆ ಹೋಗಿ ಗಡಿಯಾರ ಕಂಡ ಕೂಡಲೇ ಆ ಹಿಡಿತ ಸಡಿಲಾಯಿತು. ಮುಳ್ಳಿಲ್ಲದ ಗಡಿಯಾರವನ್ನು ಕಂಡವರು 'ಇದು ಕಾಲದ ಕುರಿತಾದದ್ದು' ಎಂದು ತಿಳಿದುಕೊಂಡು ಮುಂದೆ ಸಾಗುತ್ತಾರೆ. ಕಾಲದ ಸುದ್ದಿ ಅವರಿಗೆ ತಲುಪಿರುತ್ತದೆ, ಕಾಲದ ಅನುಭವ ಆಗಿರುವುದಿಲ್ಲ. ಉದುರಿದ ಎಲೆಗಳ ವಿಷಯವೂ ಅಷ್ಟೇ.

ಕಳೆದ ಶತಮಾನದ ಉತ್ತರಾರ್ಧದಲ್ಲಿ ಕೆಲವು ಕಲಾವಿದರು ಕಾಲವನ್ನು ಚಿತ್ರಿಸುವುದನ್ನೇ ಬಿಟ್ಟು, ತಮಗೆ ತಾವೇ ಒಂದು ನಿಯಮ ಹಾಕಿಕೊಂಡು, ಆ ನಿಯಮದೊಳಗೆ ಕಾಲವು ತಾನಾಗಿ ದಾಖಲಾಗುವಂತೆ ಮಾಡಿದರು. ನಿಮ್ಮ ಬಾಗಿಲನ್ನು ಕಂಡಾಗ ನನಗೆ ಮೊದಲು ನೆನಪಾದವರು ಪೋಲೆಂಡಿನ ರೊಮನ್ ಒಪಾಲ್ಕ. ಅವರು 1965ರಲ್ಲಿ ವಾರ್ಸಾದ ತಮ್ಮ ಕಾರ್ಯಾಗಾರದಲ್ಲಿ ಕಪ್ಪು ಹಿನ್ನೆಲೆಯ ಕ್ಯಾನ್‌ವಾಸ್‌ನ ಮೇಲಿನ ಎಡ ಮೂಲೆಯಲ್ಲಿ ಬಿಳಿ ಬಣ್ಣದಿಂದ 1 ಎಂದು ಬರೆದರು, ಅದರ ಪಕ್ಕದಲ್ಲಿ 2, ಆಮೇಲೆ 3. ಒಂದು ಕ್ಯಾನ್‌ವಾಸ್ ತುಂಬಿದ ಮೇಲೆ ಮುಂದಿನ ಸಂಖ್ಯೆಯಿಂದ ಇನ್ನೊಂದನ್ನು ಆರಂಭಿಸಿದರು. ಎಲ್ಲ ಕ್ಯಾನ್‌ವಾಸ್‌ಗಳ ಅಳತೆಯೂ ಒಂದೇ, 196 × 135 ಸೆಂಟಿಮೀಟರ್. ಅದು ಆ ಕಾರ್ಯಾಗಾರದ ಬಾಗಿಲ ಅಳತೆ. 1972ರಿಂದ ಪ್ರತಿ ಹೊಸ ಕ್ಯಾನ್‌ವಾಸ್‌ನ ಹಿನ್ನೆಲೆಗೆ ಶೇಕಡಾ 1ರಷ್ಟು ಹೆಚ್ಚು ಬಿಳಿ ಬೆರೆಸತೊಡಗಿದರು. ಬಿಳಿಯ ಮೇಲೆ ಬಿಳಿ ಬರೆಯುವ ದಿನದತ್ತ ಅವರು ಗೊತ್ತಿದ್ದೇ ನಡೆದರು. ಕೆಲಸದ ಪ್ರತಿ ದಿನದ ಕೊನೆಗೆ ಕ್ಯಾನ್‌ವಾಸ್‌ನ ಮುಂದೆ ನಿಂತು ತಮ್ಮ ಮುಖದ ಛಾಯಾಚಿತ್ರವನ್ನೂ ತೆಗೆದುಕೊಳ್ಳುತ್ತಿದ್ದರು. 2011ರಲ್ಲಿ ತೀರಿಕೊಂಡಾಗ ಅವರು ಬರೆದಿದ್ದ ಕೊನೆಯ ಸಂಖ್ಯೆ 56,07,249.

ಆ ಕ್ಯಾನ್‌ವಾಸ್‌ಗಳ ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ ಇನ್ನೊಂದು ವಿವರ ಕಾಣುತ್ತದೆ. ಕುಂಚವನ್ನು ಬಣ್ಣಕ್ಕೆ ಅದ್ದಿ ಬರೆದ ಅಂಕಿ ದಟ್ಟವಾಗಿರುತ್ತದೆ, ಮುಂದಿನವು ಮಸುಕಾಗುತ್ತಾ ಹೋಗುತ್ತವೆ, ಬಣ್ಣ ತೀರಿ ಮತ್ತೆ ಅದ್ದಿದಾಗ ಮತ್ತೊಮ್ಮೆ ದಟ್ಟವಾಗುತ್ತವೆ. ದೂರದಿಂದ ಇಡೀ ಮೇಲ್ಮೈ ಉಸಿರಾಡುತ್ತಿರುವಂತೆ ತೋರುತ್ತದೆ. ಗಡಿಯಾರದ ಚಿತ್ರವಿಲ್ಲ, ಎಲೆಯಿಲ್ಲ. ಕಾಲ ಕಳೆದದ್ದು ಮಾತ್ರ ನಿಸ್ಸಂದೇಹವಾಗಿ ಕಣ್ಣಿಗೆ ಬೀಳುತ್ತದೆ.

ಇನ್ನೊಬ್ಬರು ತೈವಾನಿನಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ನೆಲೆಸಿದ ತೆಹ್‌ಚಿಂಗ್ ಶಿಯೆ. 1978ರ ಸೆಪ್ಟೆಂಬರ್ 30ರಿಂದ ಒಂದು ವರ್ಷ ಅವರು ತಮ್ಮ ಕಾರ್ಯಾಗಾರದಲ್ಲಿ ತಾವೇ ಕಟ್ಟಿದ ಪಂಜರದೊಳಗೆ ಉಳಿದರು. ಓದು, ಬರಹ, ಮಾತು, ರೇಡಿಯೊ, ದೂರದರ್ಶನ ಯಾವುದೂ ಇಲ್ಲವೆಂಬುದು ಅವರೇ ಬರೆದುಕೊಂಡ ಕರಾರು. ನಿಮ್ಮ ವಸ್ತುವಿಗೆ ಇದಕ್ಕಿಂತಲೂ ಹತ್ತಿರವಾದದ್ದು ಅವರ ಮುಂದಿನ ಕೃತಿ. 1980ರ ಏಪ್ರಿಲ್ 11ರಿಂದ ಮತ್ತೊಂದು ವರ್ಷ, ಕಾರ್ಖಾನೆಯ ಕಾರ್ಮಿಕರು ಹಾಜರಿ ಒತ್ತುವ ಯಂತ್ರದಲ್ಲಿ, ಹಗಲೂ ರಾತ್ರಿಯೂ ಪ್ರತಿ ಗಂಟೆಗೊಮ್ಮೆ ಕಾರ್ಡು ಒತ್ತಿದರು. ಪ್ರತಿ ಬಾರಿಯೂ ಒಂದು ಚಿತ್ರ ತೆಗೆದುಕೊಂಡರು. ಆರಂಭದ ದಿನ ತಲೆ ಬೋಳಿಸಿಕೊಂಡಿದ್ದರಿಂದ, ಆ ಚಿತ್ರಗಳನ್ನು ಒಟ್ಟುಗೂಡಿಸಿದ ಆರು ನಿಮಿಷಗಳ ಚಲನಚಿತ್ರದಲ್ಲಿ ಮುಖ ಅದೇ ಸ್ಥಳದಲ್ಲಿ ನಡುಗುತ್ತಿರುವಾಗ ಕೂದಲು ಹೆಗಲಿನವರೆಗೆ ಇಳಿಯುತ್ತದೆ. ವರ್ಷದ 8,760 ಗಂಟೆಗಳಲ್ಲಿ 133 ತಪ್ಪಿಹೋದವು. ನಿದ್ದೆಯಿಂದ ತಪ್ಪಿದವೆಷ್ಟು, ತಡವಾದವೆಷ್ಟು, ಅವಸರದಿಂದ ಮೊದಲೇ ಒತ್ತಿದವೆಷ್ಟು ಎಂಬ ಲೆಕ್ಕವನ್ನೂ ಅವರು ಕೃತಿಯ ಭಾಗವಾಗಿಯೇ ಪ್ರದರ್ಶಿಸಿದರು.

ನನ್ನ ಸಲಹೆ ಇಷ್ಟು: ಮಿತಿಯನ್ನು ಬಾಗಿಲಾಗಿ ತೋರಿಸುವ ಬದಲು ಕೆಲಸದ ನಿಯಮವಾಗಿ ನಿಮ್ಮ ಮೇಲೆಯೇ ಹಾಕಿಕೊಳ್ಳಿ. ನೀವು ಹಾಕಿಕೊಂಡದ್ದೆಂದು ಆಗ ಯಾರಿಗೂ ಹೇಳಬೇಕಾಗುವುದಿಲ್ಲ.

---

ಉತ್ತರ
ಬರೆದವರು: ಮರದ ಕೆಲಸ, ಕಾಪು

ಟೀಚರ್, ನಾನು ಕಲಾವಿದನಲ್ಲ. ಹಳೆಯ ಮನೆಗಳ ಬಾಗಿಲು, ಕಿಟಕಿ, ಮುಚ್ಚಿಗೆ ಬಿಚ್ಚಿ ದುರಸ್ತಿ ಮಾಡುವುದು ನಮ್ಮ ಮನೆಯವರು ತಲೆಮಾರಿನಿಂದ ಮಾಡಿಕೊಂಡು ಬಂದ ಕೆಲಸ. ಮೇಲಿನವರು ಹೇಳಿದ ಕಲಾವಿದರ ವಿಷಯ ಆಸಕ್ತಿಯಿಂದ ಓದಿದೆ. ಆದರೆ ಬಾಗಿಲನ್ನು ಬಿಟ್ಟುಬಿಡಿ ಎಂಬ ಅವರ ಸಲಹೆ ನನಗೆ ಒಪ್ಪಿಗೆಯಾಗಲಿಲ್ಲ. ನೀವು ಕೇಳಿದ ಎರಡಕ್ಕೂ ಉತ್ತರ ನಿಮ್ಮ ಬಾಗಿಲಲ್ಲೇ ಇದೆ ಎಂದು ನನಗೆ ತೋರುತ್ತದೆ.

ಹಲಸಿನ ಮರವನ್ನು ಕೊಯ್ದಾಗ ಅದರ ತಿರುಳು ಹಳದಿ. ಗಾಳಿ ಬೆಳಕು ತಾಗುತ್ತಾ ವರ್ಷಗಳು ಕಳೆದಂತೆ ಅದು ಜೇನಿನ ಬಣ್ಣಕ್ಕೆ, ಆಮೇಲೆ ಕಂದಿಗೆ ತಿರುಗುತ್ತದೆ. ಹಳೆಯ ಬಾಗಿಲಿನಿಂದ ಚಿಲಕದ ತಗಡನ್ನು ಬಿಚ್ಚಿ ನೋಡಿ: ತಗಡು ಮುಚ್ಚಿದ್ದ ಜಾಗದಲ್ಲಿ ಮರ ಇನ್ನೂ ಹಳದಿಯಾಗಿಯೇ ಇರುತ್ತದೆ, ಮೊಳೆಯ ತೂತಿನ ಸುತ್ತ ಮಾತ್ರ ತುಕ್ಕಿನ ಕಪ್ಪು ಇಳಿದಿರುತ್ತದೆ. ಚಿಲಕವನ್ನು ಯಾವಾಗಲೋ ಬೇರೆ ಎತ್ತರಕ್ಕೆ ಬದಲಿಸಿದ್ದರೆ ಹಳೆಯ ಜಾಗದ ಗುರುತು ಬೇರೆ ಛಾಯೆಯಲ್ಲಿ ಕಾಣುತ್ತದೆ. ತಿರುಗುವ ಕೊಂಡಿಯಿದ್ದರೆ ಅದು ಉಜ್ಜಿದ ಕಡೆ ಅರ್ಧಚಂದ್ರಾಕಾರದ ಗೀರು ಬಿದ್ದಿರುತ್ತದೆ, ಕೈ ತಾಗಿದ ಕಡೆ ಮರ ಎಣ್ಣೆ ಕುಡಿದು ನುಣುಪಾಗಿರುತ್ತದೆ. ಇವೆಲ್ಲ ಇರುವುದು ಬಾಗಿಲ ಒಳಬದಿಯಲ್ಲಿ. ಯಾರು ಮುಚ್ಚುತ್ತಿದ್ದರು, ಎಷ್ಟು ಕಾಲ ಮುಚ್ಚಿದರು ಎಂಬುದನ್ನು ನಮ್ಮಂಥವರು ಆ ಗುರುತುಗಳಿಂದಲೇ ಓದುತ್ತೇವೆ.

ಇನ್ನು ಚಿಲಕದ ವಿಷಯ. ಕಡಲ ಹತ್ತಿರದ ಮನೆಗಳಲ್ಲಿ ಉಪ್ಪುಗಾಳಿಯಿಂದ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ದಿನವೂ ಎಳೆದು ಹಾಕುವ ಚಿಲಕ ಉಜ್ಜಿಉಜ್ಜಿ ಹೊಳಪಾಗಿಯೇ ಇರುತ್ತದೆ. ಹಾಕಿದ್ದನ್ನು ತೆಗೆಯದೆ ಬಿಟ್ಟ ಚಿಲಕವೇ ಹಾಳಾಗುವುದು. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಆದ್ದರಿಂದ ಸಲೀಸಾಗಿ ಜಾರುತ್ತಿದ್ದ ಸರಳು ಬಳೆಯೊಳಗೆ ಬಿಗಿದುಕೊಳ್ಳುತ್ತದೆ. ಮಳೆಗಾಲದಲ್ಲಿ ಹಲಗೆ ಅಗಲಕ್ಕೆ ಉಬ್ಬಿ ದಾರಂದವನ್ನು ಒತ್ತುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಮತ್ತೆ ಉಬ್ಬುತ್ತದೆ. ಹೀಗೆ ಕೆಲವು ಮಳೆಗಾಲ ಕಳೆದರೆ, ಒಳಗಿನವರೇ ಒಂದು ಬೆರಳಿನಿಂದ ಹಾಕಿದ ಚಿಲಕವನ್ನು ಒಳಗಿನವರೇ ತೆಗೆಯಲಾರದಂತಾಗುತ್ತದೆ. ಮುಚ್ಚಿಟ್ಟ ಮನೆಗಳ ವಾರಸುದಾರರು ನಮ್ಮನ್ನು ಕರೆಸಿ ತೆಗೆಸುವ ಬಾಗಿಲುಗಳಲ್ಲಿ ಬೀಗ ಹಾಕಿದವುಗಳಿಗಿಂತ ಇಂಥವೇ ಹೆಚ್ಚು ಕಷ್ಟ ಕೊಡುತ್ತವೆ. ಮಕ್ಕಳ ಮಾತು ತಾಯಂದಿರಲ್ಲಿ ನಿಜವಾಯಿತು ಎಂದು ನೀವು ಬರೆದದ್ದನ್ನು ಓದಿದಾಗ ನನಗೆ ನೆನಪಾದದ್ದು ಇದೇ.

ಪ್ರದರ್ಶನಕ್ಕೆಂದು ಬಾಗಿಲಿಗೆ ವಾರ್ನಿಶ್ ಹೊಡೆದಿದ್ದೀರಾ, ಹೊಸ ಚಿಲಕ ಹಾಕಿದ್ದೀರಾ ಎಂಬುದನ್ನು ದಯವಿಟ್ಟು ತಿಳಿಸಿ.

---

ಉತ್ತರ
ಬರೆದವರು: ರಥಬೀದಿ ನಿವಾಸಿ, ಉಡುಪಿ

ಚರ್ಚೆಯಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಒಂದೇ ಹೆಸರಿನಲ್ಲಿ ಸೇರಿಕೊಂಡಿವೆ ಎಂದು ನನಗೆ ಅನ್ನಿಸುತ್ತದೆ. ಒಪಾಲ್ಕ ಹಾಗೂ ಶಿಯೆ ಅವರು ಹಾಕಿಕೊಂಡದ್ದು ವ್ರತ. ಟೀಚರ್ ಅವರ ವಿದ್ಯಾರ್ಥಿ ಹಾಕಿಕೊಂಡದ್ದು ಅಂಜಿಕೆ. ಎರಡೂ ನಮ್ಮ ಮೇಲೆ ನಾವೇ ಹೊರಿಸಿಕೊಂಡ ಮಿತಿಗಳೇ, ಎರಡರ ಮೇಲೆಯೂ ಕಾಲ ಕೆಲಸ ಮಾಡುತ್ತದೆ. ಆದರೆ ಅದು ಮಾಡುವ ಕೆಲಸ ಒಂದರಲ್ಲಿ ಇನ್ನೊಂದಕ್ಕೆ ತದ್ವಿರುದ್ಧ.

ನಮ್ಮೂರಲ್ಲಿ ಇದನ್ನು ಅಡುಗೆಮನೆಯಲ್ಲಿಯೇ ನೋಡಬಹುದು. ಚಾತುರ್ಮಾಸ್ಯವನ್ನು ಪಾಲಿಸುವ ಮಾಧ್ವ ಮನೆಗಳಲ್ಲಿ ಮೊದಲ ತಿಂಗಳು ತರಕಾರಿಯಿಲ್ಲ, ಎರಡನೆಯ ತಿಂಗಳು ಮೊಸರಿಲ್ಲ, ಮೂರನೆಯ ತಿಂಗಳು ಹಾಲಿಲ್ಲ, ನಾಲ್ಕನೆಯ ತಿಂಗಳು ದ್ವಿದಳ ಧಾನ್ಯವಿಲ್ಲ. ಇಷ್ಟೆಲ್ಲ ಬಿಟ್ಟ ಮೇಲೂ ಎಲೆಯ ಮೇಲೆ ಬಡಿಸುವುದಕ್ಕೆ ಕೊರತೆಯಾಗದಂತೆ ನಮ್ಮ ಹಿರಿಯ ಹೆಂಗಸರು ಬೇರೆಯೇ ಒಂದು ಪಾಕಕ್ರಮವನ್ನು ಬೆಳೆಸಿದರು. ತರಕಾರಿ ಬಿಟ್ಟ ತಿಂಗಳಿನಲ್ಲಿ ಬೇಳೆಗೆ, ಬೇಳೆ ಬಿಟ್ಟ ತಿಂಗಳಿನಲ್ಲಿ ತೆಂಗಿನಕಾಯಿಗೆ, ಗೆಡ್ಡೆಗಳಿಗೆ ಕೈ ಹೋಗುತ್ತದೆ. ಉಡುಪಿಯ ಅಡುಗೆ ಎಂದು ಜಗತ್ತು ಮೆಚ್ಚುವ ಪದ್ಧತಿಗೆ ಈ ನಿರಾಕರಣೆಗಳ ಶಿಸ್ತು ಬೆನ್ನೆಲುಬಾಗಿ ನಿಂತಿದೆ. ವ್ರತಕ್ಕೆ ಆರಂಭದ ದಿನವಿದೆ, ಅಂದು ಬಾಯಿಬಿಟ್ಟು ಮಾಡುವ ಸಂಕಲ್ಪವಿದೆ, ಮುಗಿಯುವ ತಿಥಿಯಿದೆ. ಏನನ್ನು ಬಿಟ್ಟಿದ್ದೇವೆ, ಎಲ್ಲಿಯವರೆಗೆ ಬಿಟ್ಟಿದ್ದೇವೆ ಎಂಬುದು ಮನೆಮಂದಿಗೆಲ್ಲ ಗೊತ್ತಿರುತ್ತದೆ.

ಉಡುಪಿಯ ಅಷ್ಟಮಠಗಳ ಯತಿಗಳು ಸರದಿಯಂತೆ ಕೃಷ್ಣಪೂಜೆ ವಹಿಸಿಕೊಳ್ಳುವ ಪರ್ಯಾಯವನ್ನೂ ಗಮನಿಸಿ. ಆ ಸರದಿ ಮೊದಲು ಎರಡೆರಡು ತಿಂಗಳಿಗೆ ಬದಲಾಗುತ್ತಿತ್ತು. ಮಾಧ್ವ ಯತಿ ವಾದಿರಾಜರು ಅದನ್ನು ಎರಡು ವರ್ಷಕ್ಕೆ ವಿಸ್ತರಿಸಿದರು. ಎರಡು ವರ್ಷಕ್ಕೊಮ್ಮೆ ಜನವರಿ 18ರ ಬೆಳಗಿನ ಜಾವ ಅಕ್ಷಯಪಾತ್ರೆ, ಸಟ್ಟುಗ, ಗರ್ಭಗುಡಿಯ ಕೀಲಿಕೈ ಒಬ್ಬ ಯತಿಗಳ ಕೈಯಿಂದ ಮುಂದಿನವರ ಕೈಗೆ ಹೋಗುತ್ತವೆ. ಕೀಲಿಕೈ ಯಾರಲ್ಲಿದೆ, ಎಂದಿನವರೆಗೆ ಇರುತ್ತದೆ ಎಂಬುದರಲ್ಲಿ ಗುಟ್ಟಿಲ್ಲ.

'ನನಗೆ ಚಿತ್ರ ಬರುವುದಿಲ್ಲ' ಎಂಬ ಮಾತಿಗೆ ಇದಾವುದೂ ಇಲ್ಲ. ಎಂದಿನಿಂದ ಎಂದು ಕೇಳಿದರೆ ಆ ಹುಡುಗನಿಗೆ ತಿಳಿಯದು, ಎಂದಿನವರೆಗೆ ಎಂದು ಕೇಳಬೇಕೆಂದು ಯಾರಿಗೂ ತೋಚದು. ಸಂಕಲ್ಪವಿಲ್ಲದೆ ಆರಂಭವಾದದ್ದರಿಂದ ಅದಕ್ಕೆ ಸಮಾಪ್ತಿಯೂ ಇಲ್ಲ, ಹಾಕಿಕೊಂಡವರ ನೆನಪಿನಿಂದಲೇ ಅದು ಜಾರಿಹೋಗಿರುತ್ತದೆ. ಆದ್ದರಿಂದ, ರೇಖಾಭ್ಯಾಸಿಗಳೇ, ನೀವು ಸೂಚಿಸಿದಂತೆ ಟೀಚರ್ ಒಂದು ವರ್ಷದ ನಿಯಮ ಹಿಡಿದರೆ ಅವರು ವ್ರತದ ಕೃತಿಯನ್ನು ಮಾಡಿದಂತಾಗುತ್ತದೆ, ಅವರ ವಸ್ತು ಕೈತಪ್ಪಿಹೋಗುತ್ತದೆ. ಮರೆತುಹೋದ ಮಿತಿಯನ್ನು ತೋರಿಸಲು ಕಾಪುವಿನವರು ಹೇಳಿದ ತುಕ್ಕಿನ ಚಿಲಕವೇ ಹೆಚ್ಚು ಸತ್ಯವಾದ ಸಂಕೇತ ಎಂಬುದು ನನ್ನ ದೃಢವಾದ ಅಭಿಪ್ರಾಯ.

---

ಉತ್ತರ
ಬರೆದವರು: ಕಲಾ ಇತಿಹಾಸದ ಉಪನ್ಯಾಸಕಿ, ಮಂಗಳೂರು

ರಥಬೀದಿಯ ಹಿರಿಯರು ಮಾಡಿದ ವಿಂಗಡಣೆ ಉಪಯುಕ್ತವಾದದ್ದು. ಅದಕ್ಕೆ ಮೂರನೆಯ ಬಗೆಯೊಂದನ್ನು ಸೇರಿಸಿ ಬದಿಗಿಡುತ್ತೇನೆ, ಏಕೆಂದರೆ ವಿದ್ಯಾರ್ಥಿಗಳು ಇಲ್ಲಿಯೇ ಗೊಂದಲಕ್ಕೀಡಾಗುತ್ತಾರೆ. ನಮ್ಮ ಸಂತ ಅಲೋಶಿಯಸ್ ಪ್ರಾರ್ಥನಾಲಯದ ಗೋಡೆಗಳಲ್ಲಿ ಅಂತೋನಿಯೊ ಮೊಸ್ಕೆನಿ ಅವರು 1900ರ ಆಸುಪಾಸಿನಲ್ಲಿ ಫ್ರೆಸ್ಕೊ (ಹಸಿ ಗಾರೆಯ ಮೇಲಿನ ಭಿತ್ತಿಚಿತ್ರ) ಬರೆದಾಗ, ಗಾರೆ ಹಸಿಯಾಗಿರುವಷ್ಟು ಹೊತ್ತಿನಲ್ಲಿ ಅಂದಿನ ಭಾಗ ಮುಗಿಯಬೇಕಿತ್ತು. ಕರಾವಳಿಯ ದೇವಾಲಯಗಳ ಕಾವಿ ಕಲೆಯಲ್ಲಿಯೂ ಕೆಮ್ಮಣ್ಣಿನ ಪದರ ಆರುವ ಮೊದಲೇ ಕೆರೆದು ಕೆಳಗಿನ ಸುಣ್ಣದ ಬಿಳಿಯನ್ನು ತೆಗೆಯಬೇಕು. ಅದು ಸುಣ್ಣ ಹಾಕಿದ ಮಿತಿ, ಕಲಾವಿದ ಹಾಕಿಕೊಂಡದ್ದಲ್ಲ. ಜಪಾನಿನಲ್ಲಿ ಹುಟ್ಟಿದ ಆನ್ ಕವಾರಾ ಅವರು 1966ರ ಜನವರಿ 4ರಂದು ಆರಂಭಿಸಿದ ದಿನಾಂಕದ ಚಿತ್ರಗಳನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಒಂದೇ ಬಣ್ಣದ ಹಿನ್ನೆಲೆಯ ಮೇಲೆ ಅಂದಿನ ದಿನಾಂಕ ಮಾತ್ರ. ಮಧ್ಯರಾತ್ರಿಯೊಳಗೆ ಮುಗಿಯದಿದ್ದರೆ ಆ ಚಿತ್ರವನ್ನು ಅವರು ನಾಶ ಮಾಡುತ್ತಿದ್ದರು. ಬಣ್ಣಕ್ಕೆ ಅಂಥ ಅವಸರ ಏನೂ ಇರಲಿಲ್ಲ. ಗಡುವು ಅವರದ್ದೇ.

ಆದರೆ ನಾನು ಮುಖ್ಯವಾಗಿ ಹೇಳಬೇಕಾದದ್ದು ಬೇರೆ. ನಿಮ್ಮ ಕೃತಿಯನ್ನು ಹೆಣ್ಣಿನ ಬಂಧನವೆಂದು ಓದಿದವರನ್ನು, ಟೀಚರ್, ಅಷ್ಟು ಸುಲಭವಾಗಿ ಬದಿಗೆ ಸರಿಸಬೇಡಿ. ಚಿಲಕ ಒಳಗಿದೆ ನಿಜ, ಹಾಕಿದ ಕೈಯೂ ಆಕೆಯದ್ದೇ. ಹೊರಗೆ ಏನಿದೆಯೆಂದು ಹೆದರಿ ಆಕೆ ಅದನ್ನು ಹಾಕಿದಳು ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ. ಶಿಯೆ ಅವರ ವಿಷಯದಲ್ಲಿಯೂ ಹೀಗೆಯೇ. ಅವರು 1974ರಲ್ಲಿ ಹಡಗಿನಿಂದಿಳಿದು ಕಾಗದಪತ್ರಗಳಿಲ್ಲದೆ ಅಮೆರಿಕವನ್ನು ಸೇರಿದವರು. ಪಂಜರದಲ್ಲಿ ಕುಳಿತಾಗಲೂ ಗಂಟೆಗೊಮ್ಮೆ ಕಾರ್ಡು ಒತ್ತಿದಾಗಲೂ ಆ ದೇಶದ ಕಾನೂನಿನ ಕಣ್ಣಿನಲ್ಲಿ ಅವರು ಇರಬಾರದ ಮನುಷ್ಯ. ಹೊರಗಿನಿಂದ ಬಿದ್ದಿದ್ದ ಮಿತಿಯ ಒಳಗೆ ತಮ್ಮದೇ ಆದ, ಇನ್ನೂ ಬಿಗಿಯಾದ ಮಿತಿಯನ್ನು ಅವರು ಹಾಕಿಕೊಂಡರು. ಎಲ್ಲಿಯವರೆಗೆ ಲೋಕ ಹಾಕಿದ್ದು, ಎಲ್ಲಿಂದ ನಾವು ಹಾಕಿಕೊಂಡದ್ದು ಎಂಬ ಗೆರೆ ಎಳೆಯುವುದು ಕಷ್ಟ. ಆ ಕಷ್ಟವನ್ನು ನಿಮ್ಮ ಕೃತಿ ಬಚ್ಚಿಡದಿರಲಿ ಎಂಬುದು ನನ್ನ ಕೋರಿಕೆ.

ಮಿತಿಯನ್ನು ತಿಳಿದು ಆರಿಸಿಕೊಂಡ ಹೆಣ್ಣಿನ ಉದಾಹರಣೆಯನ್ನೂ ನೀವು ನೋಡಬೇಕು. ಕಲಾವಿದೆ ನಸ್ರೀನ್ ಮೊಹಮ್ಮದಿ 1937ರಲ್ಲಿ ಕರಾಚಿಯಲ್ಲಿ ಹುಟ್ಟಿ, 1972ರಿಂದ ಬರೋಡದ ವಿಶ್ವವಿದ್ಯಾಲಯದಲ್ಲಿ ಕಲಿಸಿ, 1990ರಲ್ಲಿ ತೀರಿಕೊಂಡರು. ಬರೋಡದ ಅವರ ಸಮಕಾಲೀನರು ಬಣ್ಣ, ಮನುಷ್ಯಾಕೃತಿ ಮತ್ತು ಕಥನಕ್ಕೆ ಒಲಿದಿದ್ದ ಕಾಲದಲ್ಲಿ ಅವರು ಬಣ್ಣವನ್ನು ಬಿಟ್ಟರು, ಆಕೃತಿಯನ್ನು ಬಿಟ್ಟರು. ಶಾಯಿ, ಪೆನ್ಸಿಲ್, ನಕಾಶೆ ಬರೆಯುವ ಉಪಕರಣಗಳಿಂದ ಕಾಗದದ ಮೇಲೆ ಗೆರೆ ಎಳೆಯುವುದನ್ನಷ್ಟೇ ಉಳಿಸಿಕೊಂಡರು. ಬಹುಪಾಲು ಚಿತ್ರಗಳಿಗೆ ಹೆಸರೂ ಇಲ್ಲ, ದಿನಾಂಕವೂ ಇಲ್ಲ. ನರಸಂಬಂಧಿ ಕಾಯಿಲೆ ಶರೀರದ ಹಿಡಿತವನ್ನು ಕಸಿಯುತ್ತಾ ಬಂದ ವರ್ಷಗಳಲ್ಲೂ ಆ ಗೆರೆಗಳು ನಡುಗಲಿಲ್ಲ. ಕೂದಲೆಳೆಯಷ್ಟು ಸಣ್ಣ ಗೆರೆಗಳ ನಡುವಿನ ಅಂತರ ಕಾಗದದ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವಾಗ ಎಷ್ಟು ನಿಧಾನವಾಗಿ ಕಿರಿದಾಗುತ್ತದೆಂದರೆ, ಎಲ್ಲಿ ಬದಲಾಯಿತೆಂದು ಬೆರಳಿಟ್ಟು ತೋರಿಸಲಾಗುವುದಿಲ್ಲ. ಹದಿಮೂರರಿಂದ ನಲವತ್ತೈದರವರೆಗಿನ ಬದಲಾವಣೆಯೂ ಹಾಗೆಯೇ ಆಗುವುದಲ್ಲವೇ?

ಇನ್ನು ಬಾಗಿಲ ವಿಷಯ. ಅದನ್ನು ದಯವಿಟ್ಟು ಹೊಸದು ಮಾಡಬೇಡಿ. 1961ರಲ್ಲಿ ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಕೆಲಸ ಮಾಡುತ್ತಿರುವ ಸುದರ್ಶನ ಶೆಟ್ಟಿಯವರು 2014ರ ತಮ್ಮ ಪ್ರದರ್ಶನವೊಂದರಲ್ಲಿ ಒಡೆದ ಪಿಂಗಾಣಿ ಪಾತ್ರೆಗಳ ಕಳೆದುಹೋದ ಭಾಗವನ್ನು ಮರದಿಂದ ಕೆತ್ತಿ ಕೂಡಿಸಿದ್ದರು. ಜೋಡಣೆ ಎಲ್ಲಿಯೂ ಮರೆಮಾಚಿಲ್ಲ, ಒಡೆದದ್ದು ಎಲ್ಲಿ ಎಂಬುದು ನೇರವಾಗಿ ಕಾಣುತ್ತದೆ. ಆಕೃತಿಯ ಬಗ್ಗೆ ಒಂದು ಮಾತು: ಕುಳಿತ ಹೆಣ್ಣನ್ನು ತೋರಿಸಿದ ಕೂಡಲೇ ನೋಡುಗರು ಆಕೆಗಾಗಿ ಮರುಗುವ ಸುಖಕ್ಕೆ ಜಾರುತ್ತಾರೆ, ಚಿಲಕ ಅವರ ಸಮಸ್ಯೆಯಾಗುವುದಿಲ್ಲ.

---

ಮರುಉತ್ತರ
ಬರೆದವರು: ಚಿತ್ರಕಲಾ ಟೀಚರ್, ಉಡುಪಿ

ಇಷ್ಟು ಶ್ರದ್ಧೆಯಿಂದ ಬರೆದ ನಿಮ್ಮೆಲ್ಲರಿಗೂ ನಾನು ಋಣಿ. ನಿಮ್ಮ ಮಾತುಗಳನ್ನು ಓದಿದ ಮೇಲೆ ನಾನು ಯೋಚಿಸಿರುವುದನ್ನು ತಿಳಿಸುತ್ತೇನೆ.

ಬಾಗಿಲಿಗೆ ವಾರ್ನಿಶ್ ಹೊಡೆದಿಲ್ಲ. ಚಿಲಕ ಮಾತ್ರ ಹೊಸದು, ಅಂಗಡಿಯಿಂದ ತಂದ ಹಿತ್ತಾಳೆಯದ್ದು. ಅದನ್ನು ಬಿಚ್ಚಿ ನೋಡಿದೆ. ಕಾಪುವಿನ ಅಣ್ಣ ಹೇಳಿದ ಹಳದಿ ಗುರುತು ಅದರ ಅಡಿಯಲ್ಲಿ ಇರಲಿಲ್ಲ, ಅದಕ್ಕಿಂತ ಒಂದು ಗೇಣು ಕೆಳಗೆ ಇತ್ತು: ಉದ್ದನೆಯ ಒಂದು ಹಳದಿ ಪಟ್ಟಿ, ಅದರ ಎರಡು ತುದಿಗಳಲ್ಲಿ ನಾಲ್ಕು ಕಪ್ಪು ಚುಕ್ಕಿ, ಪಕ್ಕದಲ್ಲಿ ಕೈ ತಾಗಿ ನುಣುಪಾದ ಒಂದು ತಗ್ಗು. ಆ ಎತ್ತರಕ್ಕೆ ನನ್ನ ಎಂಟನೆಯ ತರಗತಿಯ ಮಕ್ಕಳ ಕೈ ಸುಲಭವಾಗಿ ಎಟಕುತ್ತದೆ. ಚಿಲಕ ಇರಬೇಕಾದದ್ದು ಅಲ್ಲಿಯೇ ಎಂದು ನಿರ್ಧರಿಸಿದ್ದೇನೆ.

ಗಡಿಯಾರವನ್ನೂ ಎಲೆಗಳನ್ನೂ ತೆಗೆಯುತ್ತೇನೆ. ಆವೆಮಣ್ಣಿನ ಆಕೃತಿಯನ್ನು ತೆಗೆಯುವ ವಿಷಯದಲ್ಲಿ ಮನಸ್ಸು ಬಹಳ ಹಿಂಜರಿಯಿತು; ಆದರೆ ಉಪನ್ಯಾಸಕಿಯವರ ಮಾತು ನ್ಯಾಯವಾದದ್ದು. ಆಕೃತಿ ಇಲ್ಲವಾದರೆ ಆ ಜಾಗದಲ್ಲಿ ನಿಲ್ಲುವವರು ನೋಡುಗರೇ ಆಗುತ್ತಾರೆ. ಕೋಣೆಯ ಪ್ರವೇಶವನ್ನು ಬದಲಿಸಿ, ಬರುವವರೆಲ್ಲ ಮೊದಲು ಬಾಗಿಲ ಒಳಬದಿಯನ್ನೇ ಕಾಣುವಂತೆ, ಚಿಲಕ ಅವರ ಕೈಗೆ ಸಿಗುವಂತೆ ಇಡುತ್ತೇನೆ. ಮುಟ್ಟಬಾರದೆಂಬ ಫಲಕ ಹಾಕುವುದಿಲ್ಲ, ಮುಟ್ಟಿರೆಂದೂ ಬರೆಯುವುದಿಲ್ಲ. ಬಾಗಿಲ ಸುತ್ತ ಗೋಡೆಯೂ ಇಲ್ಲದಿರುವುದರಿಂದ, ಚಿಲಕದೊಂದಿಗೆ ಹೆಣಗಾಡಿದವರು ಪಕ್ಕದಿಂದ ನಡೆದು ಹೋಗಬಹುದಿತ್ತೆಂಬುದನ್ನು ತಾವೇ ಕಂಡುಕೊಳ್ಳಲಿ. ಅತ್ತ ಕಡೆ ಏನಿರಬೇಕು ಎಂಬುದನ್ನು ಇನ್ನೂ ಗೊತ್ತು ಮಾಡಿಲ್ಲ. ಹೊರಗಿನದ್ದಕ್ಕೆ ಹೆದರಿ ಹಾಕಿದ್ದಲ್ಲವೇ ಎಂಬ ಪ್ರಶ್ನೆಗೆ ಜಾಗ ಅಲ್ಲಿಯೇ ಇದೆ.

ರಥಬೀದಿಯ ಹಿರಿಯರು ಹೇಳಿದಂತೆ ಇದನ್ನು ನನ್ನ ವ್ರತವಾಗಿ ಮಾಡಲು ಹೋಗುವುದಿಲ್ಲ. ಒಂದು ಮಳೆಗಾಲ ಪೂರ್ತಿ ಬಾಗಿಲನ್ನು ಮಲ್ಪೆಯ ಕಡೆಯ ಪರಿಚಿತರೊಬ್ಬರ ಮನೆಯ ಚಾವಡಿಯಲ್ಲಿ, ಕಬ್ಬಿಣದ ಚಿಲಕ ಹಾಕಿದ ಸ್ಥಿತಿಯಲ್ಲಿ ಬಿಡಬೇಕೆಂದಿದ್ದೇನೆ. ಅಷ್ಟು ಸಮಯದಲ್ಲಿ ಚಿಲಕ ನಿಜವಾಗಿಯೂ ಬಿಗಿಯುತ್ತದೆಯೇ? ಬಾಗಿಲು ಹಾಳಾಗದಂತೆ ಏನು ಎಚ್ಚರ ವಹಿಸಬೇಕು?

---

ಉತ್ತರ
ಬರೆದವರು: ಮರದ ಕೆಲಸ, ಕಾಪು

ಟೀಚರ್, ಅಂಗಡಿಯ ಹೊಸ ಕಬ್ಬಿಣದ ಚಿಲಕಗಳಿಗೆ ಸಾಮಾನ್ಯವಾಗಿ ಸತುವಿನ ಲೇಪ ಇರುವುದರಿಂದ ಒಂದು ಮಳೆಗಾಲದಲ್ಲಿ ಅವು ಬಿಗಿಯುವುದಿಲ್ಲ. ಕಮ್ಮಾರರಲ್ಲಿ ಹೇಳಿ ಲೇಪವಿಲ್ಲದ ಕಬ್ಬಿಣದ ಸರಳು ಮತ್ತು ಬಳೆ ಮಾಡಿಸಿ. ಸರಳು ಬಳೆಯೊಳಗೆ ಸಡಿಲವಾಗಿರದೆ, ಕೈಯಿಂದ ತಳ್ಳಿದರೆ ಹೋಗುವಷ್ಟು ಹತ್ತಿರವಾಗಿರಲಿ. ಎಣ್ಣೆ, ಗ್ರೀಸು ಯಾವುದನ್ನೂ ಮುಟ್ಟಿಸಬೇಡಿ. ಚಾವಡಿಯಲ್ಲಿ ಇರಿಚಲು ಬೀಳುವ ಕಡೆ ಚಿಲಕದ ಬದಿ ಇರುವಂತೆ ನಿಲ್ಲಿಸಿ. ಒಂದು ಮಳೆಗಾಲಕ್ಕೆ ಅದು ಪೂರ್ತಿ ಕಚ್ಚಿಕೊಳ್ಳುವುದು ಸಂಶಯ. ಮಕ್ಕಳ ಕೈಗೆ ಬಾರದಷ್ಟು, ದೊಡ್ಡವರು ಎರಡೂ ಕೈ ಹಾಕಿ ಅಲುಗಿಸಿದರೆ ಬರುವಷ್ಟು ಬಿಗಿಯಾದೀತು. ನಿಮಗೆ ಬೇಕಾದದ್ದೂ ಅಷ್ಟೇ ಎಂದು ನನ್ನ ಭಾವನೆ.

ದಾರಂದದ ಕಾಲು ನೆಲಕ್ಕೆ ತಾಗದಂತೆ ಅಡಿಗೆ ಎರಡು ಕಲ್ಲು ಕೊಡಿ, ಇಲ್ಲವಾದರೆ ಒರಲೆ (ಗೆದ್ದಲು) ಏರುತ್ತದೆ. ಹಲಸಿಗೆ ಒರಲೆ ಕಡಿಮೆಯೇ, ಆದರೂ ಹಳೆಯ ಮರದ ಅಂಚಿನ ಬೆಳಿಯನ್ನು, ಅಂದರೆ ತಿರುಳಿನ ಸುತ್ತಲಿನ ಮೆದು ಭಾಗವನ್ನು, ಅದು ಬಿಡುವುದಿಲ್ಲ. ಆಷಾಢದ ನಡುವೆ ಹಲಗೆ ಉಬ್ಬಿ ದಾರಂದವನ್ನು ಕಚ್ಚಿದಾಗ ಯಾರೂ ಉಳಿಯಿಂದ ಕೆತ್ತಬಾರದೆಂದು ಆ ಮನೆಯವರಿಗೆ ಮೊದಲೇ ಹೇಳಿಡಿ. ಮಳೆ ನಿಂತ ಮೇಲೆ ಅದು ತಾನಾಗಿ ಬಿಡುತ್ತದೆ. ಸಾಗಿಸುವಾಗ ಬಾಗಿಲನ್ನು ದಾರಂದದಿಂದ ಬೇರೆ ಮಾಡಬೇಡಿ, ನಾಲ್ಕು ಜನ ಸೇರಿ ನಿಂತ ಸ್ಥಿತಿಯಲ್ಲೇ ಎತ್ತಬೇಕು. ದಿನ ಗೊತ್ತಾದ ಮೇಲೆ ಇಲ್ಲಿ ಬರೆಯಿರಿ, ನಾನೂ ಒಬ್ಬ ಬರುತ್ತೇನೆ.